ಒಲೆಪೆಟ್ಟು, ಹುಲಿಪೆಟ್ಟು

"ಅಮ್ಮಾ, ಮೈಬಣ್ಣ ಬೇರೆ ಎಂಬ ಒಂದೇ ಕಾರಣಕ್ಕೆ ಒಬ್ಬ ಮನುಷ್ಯ ಒಂದು ಗುಂಪಿನ ಜನರನ್ನು ಕೊಂದರೆ, ಅದನ್ನು ಭಯೋತ್ಪಾದನೆ ಎನ್ನಬೇಕೇ, ಬೇಡವೇ?"

ಶಿಷ್ಯ ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದ. ಕೈಕಾಲು ತೊಳೆಯುವ ಮೊದಲೇ ಹೀಗೆ ಕೇಳಿದ. ಗುರುಮಾತೆ ಅವರೆಕಾಯಿ ಸುಲಿಯುತ್ತಿದ್ದರು. ಮೊರವನ್ನು ಅವನ ಕಡೆಗೂ ತಳ್ಳಿದರು.

"ಸುಲಿಯುತ್ತಾ ಹೇಳು. ಏನಾಯಿತು?"

ಶಿಷ್ಯ ಹೇಳಿದ. ಅವನ ಊರಿಗೆ ದೂರದೇಶದಿಂದ ಕಟ್ಟಡದ ಕೆಲಸಕ್ಕೆ ಜನ ಬಂದಿದ್ದರು. ಅವರ ಮೈಬಣ್ಣ ಬೇರೆ, ಮುಖದ ಕಟ್ಟು ಬೇರೆ, ಮಾತು ಬೇರೆ. ಊರಿನ ಒಬ್ಬ ಹುಡುಗ ಅವರ ಜೋಪಡಿಗಳಿಗೆ ಬೆಂಕಿ ಹಚ್ಚಿದ, ಹಲವರು ಸತ್ತರು. ಇಂಥ ಮುಖದವರು ಇಲ್ಲಿರಬಾರದು ಎಂದು ಮೊದಲೇ ಸಾರಿದ್ದ. ಈಗ ಸೆರೆಮನೆಯಲ್ಲಿದ್ದಾನೆ. ಉಳಿದ ಕೆಲಸಗಾರರು ಗಂಟು ಕಟ್ಟಿಕೊಂಡು ಕುಳಿತಿದ್ದಾರೆ. ನಾಳೆ ಸಂತಾಪ ಸಭೆ. ಊರು ಏನು ಹೇಳುತ್ತದೆ ಎಂದು ಕೇಳಿದ ಮೇಲೆ ಅವರು ಇರುವುದೋ ಹೋಗುವುದೋ ತೀರ್ಮಾನಿಸುತ್ತಾರೆ. ಊರಿನ ಪರವಾಗಿ ಮಾತಾಡಬೇಕಾದವನು ಈ ಶಿಷ್ಯನೇ.

"ಹುಡುಗನಿಗೆ ತಲೆ ಕೆಟ್ಟಿತ್ತು ಎಂದಷ್ಟೇ ಹೇಳು, ದೊಡ್ಡ ಮಾತು ಬೇಡ ಎನ್ನುತ್ತಾರೆ ನಮ್ಮ ಹಿರಿಯರು. ನನಗೂ ಹಾಗೇ ಅನ್ನಿಸುತ್ತದೆ. ಹೆಸರಿನಿಂದ ಏನಾಗುತ್ತದೆ ಅಮ್ಮಾ? ಸತ್ತವರು ಸತ್ತರು."

"ಹೆಸರಿನಿಂದ ಏನೂ ಆಗದಿದ್ದರೆ ನಿಮ್ಮ ಹಿರಿಯರು ಅದಕ್ಕೆ ಯಾಕಪ್ಪಾ ಅಷ್ಟು ಹೆದರುತ್ತಾರೆ?" ಎಂದರು ಗುರುಮಾತೆ. "ಹುಳುಕು ಕಾಯಿ ಆ ಕಡೆ ಹಾಕು. ಒಂದು ಕತೆ ಹೇಳುತ್ತೇನೆ."

ಒಂದು ಕೋಟೆಯ ಕೆಳಗೆ ಒಂದು ಊರಿತ್ತು. ಊರ ನಡುವೆ ಕಟ್ಟೆ, ಕಟ್ಟೆಯ ಮೇಲೆ ನಗಾರಿ. ಆ ನಗಾರಿಗೆ ಎರಡು ಬಗೆಯ ಪೆಟ್ಟು.

ಒಂದು ಹುಲಿಪೆಟ್ಟು. ಇಡೀ ಊರಿಗೆ ಭಯ ಬಂದಾಗ ಅದನ್ನು ಬಾರಿಸುತ್ತಿದ್ದರು. ಅದು ಕೇಳಿದರೆ ಎಲ್ಲರೂ ಪಂಜು ಹಿಡಿದು ಹೊರಗೆ ಬರಬೇಕು. ಭಯ ತಂದವನನ್ನು ಕೋಟೆಗೆ ಒಪ್ಪಿಸಬೇಕು. ಭಯಗೊಂಡವರ ಬೀದಿಗೆ ಪ್ರತಿ ಮನೆಯಿಂದ ಒಬ್ಬರು ಹೋಗಿ ಕಾವಲು ಕೂರಬೇಕು.

ಇನ್ನೊಂದು ಒಲೆಪೆಟ್ಟು. ಅದು ಮನೆಜಗಳಕ್ಕೆ. ಅದು ಕೇಳಿದರೆ ಎಲ್ಲರೂ ಬಾಗಿಲು ಹಾಕಿಕೊಳ್ಳಬೇಕು, ಇಣುಕಬಾರದು. ತಪ್ಪು ಮಾಡಿದವನಿಗೆ ಅವನ ಮನೆಯವರೇ ಬುದ್ಧಿ ಹೇಳುತ್ತಾರೆ. ಆದರೆ ಅದಕ್ಕೊಂದು ಕಟ್ಟಳೆ ಇತ್ತು. ಸೂರ್ಯ ಮುಳುಗುವುದರೊಳಗೆ ಎರಡು ಕಡೆಯವರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು. ತಪ್ಪು ಮಾಡಿದವನ ಮನೆಯಲ್ಲೇ ಊಟ. ಅತ್ತೆ ಸೊಸೆ, ಅಣ್ಣ ತಮ್ಮ, ಮುಖ ಊದಿಸಿಕೊಂಡು ಎಲೆಯ ಮುಂದೆ ಕೂರುತ್ತಿದ್ದರು. ಪಾಯಸ ಬರುವ ಹೊತ್ತಿಗೆ ಅರ್ಧ ಜಗಳ ಮುಗಿದಿರುತ್ತಿತ್ತು. ಪಾಯಸಕ್ಕಾಗಿಯೇ ಜಗಳವಾಡುವ ಮನೆಗಳೂ ಇದ್ದವೆಂದು ಹೇಳುತ್ತಾರೆ.

ಊರಿನ ಜನ ಗೋಧಿಬಣ್ಣದವರು. ಅದರ ಬಗ್ಗೆ ಅವರಿಗೆ ಹೆಮ್ಮೆ. ಊರಂಚಿನ ಒಂದು ಬೀದಿಯಲ್ಲಿ ಮಾತ್ರ ಬಣ್ಣಗಾರರಿದ್ದರು. ಅವರು ಕಪ್ಪು ಮೈಯವರು, ಗುಂಗುರು ಕೂದಲಿನವರು. ಅವರ ಮುತ್ತಜ್ಜಂದಿರು ಹೊಳೆ ದಾಟಿ ಬಂದಿದ್ದರು. ಊರಿನವರು ಉಡುವ ಬಟ್ಟೆಗೆಲ್ಲ ಅವರೇ ಬಣ್ಣ ಹಾಕುತ್ತಿದ್ದರು.

ಒಂದು ಬೆಳಿಗ್ಗೆ ಒಬ್ಬ ವ್ಯಾಪಾರಿಯ ಮಗ ಸಂತೆಯಲ್ಲಿ ನಿಂತು, "ಕಪ್ಪು ಮೈಯವರು ಒಬ್ಬರೂ ಈ ಊರಲ್ಲಿ ಉಳಿಯಬಾರದು. ಇವತ್ತು ಆಗುವುದನ್ನು ನೋಡಿ ಉಳಿದವರು ತಾವಾಗಿಯೇ ಓಡುತ್ತಾರೆ" ಎಂದ. ಅಲ್ಲಿಂದ ನೇರ ಬಣ್ಣಗಾರರ ಬೀದಿಗೆ ಹೋಗಿ ಬೆಂಕಿ ಇಟ್ಟ. ಬೀದಿ ಸುಟ್ಟುಹೋಯಿತು. ಜನ ಸತ್ತರು. ಹುಡುಗ ಸಿಕ್ಕಿಬಿದ್ದ.

ನಗಾರಿಯವನು ಕೋಲು ಎತ್ತಿ ಗೌಡನನ್ನು ಕೇಳಿದ. "ಯಾವ ಪೆಟ್ಟು ಹಾಕಲಿ?"

"ತಡಿ" ಎಂದ ಗೌಡ. ಹಿರಿಯರು ಕಟ್ಟೆಯ ಮೇಲೆ ಸೇರಿದರು.

"ಹುಲಿ ಅನ್ನುವುದು ಕಾಡಿನಿಂದ ಬರಬೇಕು" ಎಂದ ಒಬ್ಬ ಹಿರಿಯ. "ಇವನು ನಮ್ಮ ಬೀದಿಯವನು. ಇವನ ನಾಮಕರಣದಲ್ಲಿ ನಾನು ಹೋಳಿಗೆ ಉಂಡಿದ್ದೇನೆ."

"ಪಕ್ಕದಲ್ಲೇ ಇದ್ದೆ, ನೋಡಿದ್ದೇನೆ. ನನ್ನ ಎಲೆಯದನ್ನೂ ಉಂಡಿರಿ" ಎಂದ ಇನ್ನೊಬ್ಬ ಹಿರಿಯ.

"ಪಾಪ, ಹುಡುಗನಿಗೆ ಚಿಕ್ಕಂದಿನಿಂದ ಪಿತ್ತ. ತಲೆಗೇರಿಬಿಟ್ಟಿದೆ."

"ಪಿತ್ತ ನನಗೂ ಇದೆ" ಎಂದ ಎರಡನೆಯ ಹಿರಿಯ. "ಏರಿದಾಗ ನಿಂಬೆಹಣ್ಣು ಮೂಸುತ್ತೇನೆ. ಬೀದಿ ಸುಡುವುದಿಲ್ಲ. ಅಲ್ಲ ಸ್ವಾಮಿ, ಹೋದ ವರ್ಷ ಬೆಟ್ಟದ ಕಡೆಯವನೊಬ್ಬ ಸಂತೆಯಲ್ಲಿ ಕಲ್ಲು ತೂರಿದ. ಆ ಕಲ್ಲು ನೆಲಕ್ಕೆ ಬೀಳುವ ಮೊದಲೇ ಹುಲಿಪೆಟ್ಟು ಹಾಕಿಸಿದೆವಲ್ಲ?"

"ಅದು ಬೆಟ್ಟದವನ ಕಲ್ಲು" ಎಂದ ಮೊದಲನೆಯವನು.

ಗೌಡ ನಗಾರಿಯವನಿಗೆ ಸನ್ನೆ ಮಾಡಿದ. ಒಲೆಪೆಟ್ಟು ಬಿತ್ತು. ಹುಡುಗನನ್ನು ಅಪ್ಪನ ಮನೆಗೆ ಕಳಿಸಿದರು. ಊರೆಲ್ಲ ಬಾಗಿಲು ಹಾಕಿಕೊಂಡಿತು.

ಬಾಗಿಲು ಹಾಕಿಕೊಳ್ಳಿ ಎಂಬ ಆ ಪೆಟ್ಟು ಬಣ್ಣಗಾರರಿಗೂ ಕೇಳಿಸಿತು. ಹಾಕಿಕೊಳ್ಳಲು ಬಾಗಿಲುಗಳೇ ಉಳಿದಿರಲಿಲ್ಲ.

ಅವರು ತಮ್ಮ ಸತ್ತವರನ್ನು ಮಣ್ಣು ಮಾಡಿದರು. ಉಳಿದಿದ್ದನ್ನು ಗಂಟು ಕಟ್ಟತೊಡಗಿದರು. ಅವರಲ್ಲಿ ಒಬ್ಬ ಹೆಂಗಸಿದ್ದಳು. ಅಣ್ಣನನ್ನು ಆಗಷ್ಟೇ ಹೂತು ಬಂದಿದ್ದಳು. ಅವಳು ಕೈ ತೊಳೆದುಕೊಂಡು ಹೇಳಿದಳು.

"ಗಂಟು ಆಮೇಲೆ ಕಟ್ಟೋಣ. ಮೊದಲು ಊಟಕ್ಕೆ ಹೋಗೋಣ, ನಡೀರಿ."

ಬಣ್ಣಗಾರರೆಲ್ಲ ಅವಳ ಹಿಂದೆ ಹೊರಟರು. ವ್ಯಾಪಾರಿಯ ಮನೆಯ ಬಾಗಿಲು ತಟ್ಟಿದರು. ವ್ಯಾಪಾರಿ ತೆರೆದ.

"ಏನು ಬಂದಿರಿ?"

"ಊಟಕ್ಕೆ ಧಣಿ. ಒಲೆಪೆಟ್ಟು ಬಿತ್ತಲ್ಲ. ಇಡೀ ಬೀದಿ ಬಂದಿದೆ, ಅಕ್ಕಿ ಸ್ವಲ್ಪ ಜಾಸ್ತಿ ಹಾಕಿಸಿ. ಪಾಯಸ ಮರೀಬೇಡಿ."

ಅವರು ಜಗಲಿಯಲ್ಲಿ ಸಾಲಾಗಿ ಕುಳಿತರು. ಜಗಲಿ ಸಾಲದೆ ಅಂಗಳದಲ್ಲಿ ಕುಳಿತರು. ಅಂಗಳ ಸಾಲದೆ ಬೀದಿಯಲ್ಲಿ ಕುಳಿತರು. ವ್ಯಾಪಾರಿ ಗೌಡನಿಗೆ ಹೇಳಿ ಕಳಿಸಿದ. ಬಾಗಿಲು ಹಾಕಿಕೊಂಡು ಕುಳಿತಿದ್ದ ಹಿರಿಯರೆಲ್ಲ ಪಂಚೆ ಎತ್ತಿಕೊಂಡು ಓಡಿಬಂದರು.

"ಇದೇನಮ್ಮಾ ಇದು?" ಎಂದ ಗೌಡ. "ನೀವು ಇವರ ಮನೆಯಲ್ಲಿ ಉಣ್ಣುವುದು ಎಲ್ಲಾದರೂ ಉಂಟೇ? ನೀವು ಬೇರೆ, ಇವರು ಬೇರೆ."

"ಬೇರೆಯೇ? ಬೆಳಿಗ್ಗೆ ನಿಮ್ಮ ನಗಾರಿ ಒಂದೇ ಮನೆ ಎಂದಿತಲ್ಲ ಗೌಡರೇ. ಒಂದೇ ಮನೆಯವರಾದರೆ ಎಲೆ ಹಾಕಿಸಿ. ಅಲ್ಲವಾದರೆ ನಗಾರಿ ಸುಳ್ಳು ಹೇಳಿದೆ, ತಿದ್ದಿಸಿ. ಯಾವುದಾದರೂ ಸರಿ, ಬೇಗ ಆಗಲಿ. ಮಕ್ಕಳು ಹಸಿದಿವೆ."

ಪಿತ್ತದ ಹಿರಿಯ ನಕ್ಕುಬಿಟ್ಟ. ಗೌಡ ತಿರುಗಿ ನೋಡಿದಾಗ ಕೆಮ್ಮಿದ.

ಗೌಡ ದನಿ ತಗ್ಗಿಸಿದ. "ಹುಲಿಪೆಟ್ಟು ಹಾಕಿದರೆ ಕೋಟೆಯಿಂದ ದಂಡು ಇಳಿಯುತ್ತದೆ. ಹುಲಿ ಹುಡುಕುತ್ತೇವೆಂದು ಸಿಕ್ಕ ಸಿಕ್ಕ ಮನೆಗೆ ನುಗ್ಗುತ್ತದೆ. ಆ ಪೆಟ್ಟು ತುಂಬಾ ಭಾರವಮ್ಮಾ. ಯೋಚಿಸು."

"ಭಾರ ಅಂತ ನನಗೆ ಗೊತ್ತು. ಬೆಟ್ಟದವನ ಕಲ್ಲಿಗೆ ದಂಡು ಇಳಿದಾಗ ನುಗ್ಗಿದ್ದು ನಮ್ಮ ಬೀದಿಗೆ. ಆಗ ನಿಮಗೆ ಭಾರ ಕಾಣಲಿಲ್ಲ. ದಂಡು ಸಿಕ್ಕ ಮನೆಗೆಲ್ಲ ನುಗ್ಗುವುದು ತಪ್ಪಾದರೆ ಅದನ್ನು ಎಲ್ಲರ ಪಾಲಿಗೂ ನಿಲ್ಲಿಸಿ, ನಾನೂ ಕೈಜೋಡಿಸುತ್ತೇನೆ. ನಮ್ಮ ತಲೆಗೊಂದು ಕಲ್ಲು, ನಿಮ್ಮ ತಲೆಗೊಂದು ಹೂವು ಬೇಡ."

"ಆದರೂ ಹುಡುಗ ಹುಲಿಯಲ್ಲವಲ್ಲ?"

"ಅವನನ್ನೇ ಕೇಳಿ, ನನ್ನ ಅಣ್ಣನ ಹೆಸರು ಹೇಳಲಿ. ಗೊತ್ತಿಲ್ಲ ಅವನಿಗೆ. ಹೆಸರೇ ಗೊತ್ತಿಲ್ಲದವನ ಹತ್ತಿರ ಎಂಥ ಜಗಳ? ಸತ್ತವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ ಗೌಡರೇ. ಬದುಕಿರುವ ನಮ್ಮನ್ನು ಹೆದರಿಸಲು ಅವರನ್ನು ಸುಟ್ಟ. ಸಂತೆಯಲ್ಲಿ ನಿಂತು ಅವನೇ ಹೇಳಿದ, ನೀವೆಲ್ಲ ಕೇಳಿದಿರಿ. ಹುಲಿ ಕೂಡ ಅಷ್ಟು ದೂರ ಯೋಚಿಸುವುದಿಲ್ಲ."

ಗೌಡ ವ್ಯಾಪಾರಿಯ ಮುಖ ನೋಡಿದ. ವ್ಯಾಪಾರಿ ಅಂಗಳದ ಸಾಲನ್ನು ನೋಡುತ್ತಿದ್ದ. ಎಲೆ ತರಲು ಒಳಗೆ ಹೋದ. ಕಟ್ಟು ಹಿಡಿದು ಹೊರಗೆ ಬಂದ. ಮೊದಲ ಎಲೆಯನ್ನು ಹಾಕಲು ಬಗ್ಗಿದವನು ಹಾಗೇ ನಿಂತ.

"ನನ್ನ ಕೈಲಾಗುವುದಿಲ್ಲ" ಎಂದ. "ಇವರಿಗೆ ಬಡಿಸಿ, ಮಗನನ್ನು ಪಕ್ಕದಲ್ಲಿ ಕೂರಿಸಿ, ಮನೆಜಗಳ ಮುಗಿಯಿತು ಎನ್ನಲು ನನ್ನ ಕೈಲಾಗುವುದಿಲ್ಲ. ಆ ಪೆಟ್ಟನ್ನೇ ಹಾಕಿಸಿ ಗೌಡರೇ."

ಹುಲಿಪೆಟ್ಟು ಬಿತ್ತು.

ಹುಡುಗನನ್ನು ಕೋಟೆಗೆ ಒಪ್ಪಿಸಿದರು. ಕೋಟೆಯ ದಂಡು ಯಾರ ಮನೆಗೂ ನುಗ್ಗದಂತೆ ಗೌಡ ತಾನೇ ಊರಬಾಗಿಲಲ್ಲಿ ನಿಂತ. ಊರಿನ ಕದಗಳು ತೆರೆದವು. ಜನ ಪಂಜು ಹಿಡಿದು ಬಣ್ಣಗಾರರ ಬೀದಿಗೆ ನಡೆದರು. ಆ ಗುಂಪಿನಲ್ಲಿ ಇಬ್ಬರು ಯುವಕರು ಎಣ್ಣೆಯ ಗಡಿಗೆ ಹೊತ್ತು ಬಂದರು. ಬೆಳಿಗ್ಗೆ ಒಲೆಪೆಟ್ಟು ಕೇಳಿದ ಮೇಲೆ, ಉಳಿದ ಬಣ್ಣಗಾರರನ್ನು ಸುಟ್ಟರೂ ಯಾರೂ ಕೇಳುವುದಿಲ್ಲವೆಂದು ತುಂಬಿಟ್ಟುಕೊಂಡ ಎಣ್ಣೆ ಅದು. ಈಗ ಅದನ್ನೇ ಎಲ್ಲರ ಪಂಜುಗಳಿಗೆ ಹೊಯ್ದರು. ಎಣ್ಣೆ ಯಾಕೆ ತಂದಿರಿ ಎಂದು ಬಣ್ಣಗಾರ ಹೆಂಗಸು ಕೇಳಿದಾಗ ನೆಲ ನೋಡಿದರು. "ಸರಿ, ಬಿಡಿ. ಬೆಳಗಿನವರೆಗೆ ಪಂಜು ಆರದಂತೆ ನೋಡಿಕೊಳ್ಳುವುದು ನಿಮ್ಮಿಬ್ಬರ ಕೆಲಸ" ಎಂದು ಅವಳು ಅವರನ್ನು ತನ್ನ ಕಣ್ಣೆದುರಿಗೇ ಕೂರಿಸಿಕೊಂಡಳು.

ಕಾವಲಿಗೆ ಬಂದವರು ಬುತ್ತಿ ತಂದಿದ್ದರು. ಬಣ್ಣಗಾರರೂ ಅವರೂ ಅಲ್ಲೇ ಬೂದಿ ಗುಡಿಸಿ, ಸಾಲಾಗಿ ಕುಳಿತು ಉಂಡರು. ಪಾಯಸವಿರಲಿಲ್ಲ. ಪಿತ್ತದ ಹಿರಿಯ ಅದನ್ನೇ ಹೇಳಿಕೊಂಡು ಗೊಣಗುತ್ತಿದ್ದ. ಗಂಟುಗಳು ಅರ್ಧ ಕಟ್ಟಿದ ಹಾಗೇ ಮೂಲೆಯಲ್ಲಿ ಬಿದ್ದಿದ್ದವು. ಮಾರನೆಯ ದಿನ ಯಾರೋ ಅವನ್ನು ಬಿಚ್ಚಿದರು.

ಕತೆ ಮುಗಿಯಿತು. ಮೊರ ತುಂಬಿತ್ತು. ಶಿಷ್ಯ ಪಾಯಸದ ಮಾತಿಗೆ ಇನ್ನೂ ನಗುತ್ತಿದ್ದ.

"ಕತೆ ಚೆನ್ನಾಗಿದೆ ಅಮ್ಮಾ. ಆದರೆ ನಮ್ಮದು ಅಷ್ಟು ಸುಲಭವಲ್ಲ. ಹುಡುಗ ನಮ್ಮೂರಿನವನು, ನನ್ನ ಕಣ್ಣೆದುರಿಗೇ ಬೆಳೆದವನು. ಅಂಥ ಮಾತು ಆಡುವ ಮೊದಲು ನಾಲ್ಕೂ ಕಡೆಯಿಂದ ಯೋಚಿಸಬೇಕಲ್ಲವೇ?"

ಗುರುಮಾತೆ ಕೊನೆಯ ಕಾಯಿಯನ್ನು ಅವನ ಕೈಗಿಟ್ಟರು.

"ಅವನು ಬೇರೆ ಊರಿನವನಾಗಿದ್ದರೆ, ಈ ಪ್ರಶ್ನೆ ಕೇಳಲು ನೀನು ಬಸ್ಸು ಹತ್ತುತ್ತಿದ್ದೆಯಾ?"

ಶಿಷ್ಯ ಆ ಕಾಯಿಯನ್ನು ಸುಲಿಯದೆ ಮೊರಕ್ಕೆ ಹಾಕಿ, ಊರಿಗೆ ವಾಪಸು ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ.