ಏಳೂರ ಸಭೆಯ ಗಳಿಗೆ ಬಟ್ಟಲು

"ಗುರುಗಳೇ, ಕೇಡಿಗರಿಗೆ ಬಾಗಿಲು ಮುಚ್ಚಬೇಕು, ಒಪ್ಪಿದೆ. ಆದರೆ ಬಾಗಿಲು ಮುಚ್ಚಿದವರ ಮೇಲೆ ಕಣ್ಣಿಡುವವರು ಯಾರು?"

ಹೀಗೆ ಕೇಳಿದವನು ಹನ್ನೆರಡು ವರ್ಷ ಮಠದಲ್ಲಿ ಓದಿದ ಶಿಷ್ಯ. ಅವನ ಸೋದರಮಾವ ತೀರಿಕೊಂಡಿದ್ದರು. ಊರ ಸಭೆಯಲ್ಲಿ ಅವರು ಕೂರುತ್ತಿದ್ದ ಜಾಗ ಈಗ ಇವನ ಪಾಲಿಗೆ ಬಂದಿತ್ತು. ಗಡಿಯಾಚೆ ಆಯುಧ ಹಿಡಿದ ಗುಂಪೊಂದು ಎದ್ದಿತ್ತು. ಸುತ್ತಲಿನ ಊರುಗಳೆಲ್ಲ ಸೇರಿ ಆ ಗುಂಪಿನವರ ಹೆಸರುಗಳನ್ನು ಪಟ್ಟಿ ಮಾಡಿ, ಅವರಿಗೆ ಯಾರೂ ಏನನ್ನೂ ಕೊಡದಂತೆ ಕಟ್ಟು ಹಾಕಲು ಹೊರಟಿದ್ದವು. ಮೊದಲ ಸಭೆ ನಾಳೆಯೇ. ಅಪ್ಪಣೆ ಕೇಳಲು ಬಂದವನು ಈ ಪ್ರಶ್ನೆಯನ್ನೂ ಜೊತೆಗೆ ತಂದಿದ್ದ.

"ಕೂತುಕೋ," ಎಂದರು ಗುರುಗಳು. "ಕಣ್ಣಿಡುವುದೇ ಕೆಲಸವಾಗಿದ್ದ ಒಬ್ಬನ ಕತೆ ಹೇಳುತ್ತೇನೆ. ಕೇಳಿದ ಮೇಲೆ ಅಪ್ಪಣೆ ಬೇಕೋ ಬೇಡವೋ ನೀನೇ ನೋಡಿಕೋ."

ಒಂದು ಕಣಿವೆಯಲ್ಲಿ ಏಳು ಕೋಟೆಯೂರುಗಳಿದ್ದವು. ಮೇಲಿನ ಬೆಟ್ಟದ ಗವಿಗಳಲ್ಲಿ ಈಟಿ ಹಿಡಿದ ಗುಂಪೊಂದು ಬೀಡುಬಿಟ್ಟಿತ್ತು. ಜನ ಅವರನ್ನು ಗವಿಯವರು ಎನ್ನುತ್ತಿದ್ದರು. ಅವರು ಇಳಿದು ಬಂದ ದಿನ ಕಣಜ ಸುಡುತ್ತಿತ್ತು, ದಾರಿಯಲ್ಲಿ ಹೆಣ ಬೀಳುತ್ತಿತ್ತು. ಇದನ್ನು ಮೊದಲೇ ತಲೆಯಲ್ಲಿಟ್ಟುಕೋ. ಕಣಿವೆಯವರು ಸುಮ್ಮಸುಮ್ಮನೆ ಹೆದರಿದವರಲ್ಲ.

ಏಳೂರ ಯಜಮಾನರು ಒಂದೆಡೆ ಸೇರಿದರು. ಗವಿಯವರಿಗೆ ಮತ್ತು ಅವರಿಗೆ ಒದಗಿಸುವವರಿಗೆ ಉಪ್ಪಿಲ್ಲ, ಕಬ್ಬಿಣವಿಲ್ಲ, ಕುದುರೆಯಿಲ್ಲ. ಅವರಿಗೆ ಯಾವ ಊರಿನ ಬಾಗಿಲೂ ತೆರೆಯಬಾರದು ಎಂದು ಕಟ್ಟು ಹಾಕಿದರು. ಹೆಸರುಗಳನ್ನು ಓಲೆಯಲ್ಲಿ ಬರೆಸಿ ಏಳೂ ಊರಿನ ಹೆಬ್ಬಾಗಿಲಿಗೆ ತೂಗುಹಾಕಿದರು. ಪಟ್ಟಿಯಲ್ಲಿದ್ದವನಿಗೆ ಯಾರು ಏನು ಕೊಟ್ಟರೂ, ಕೊಟ್ಟವನ ಹೆಸರೂ ಪಟ್ಟಿಗೆ ಸೇರತಕ್ಕದ್ದು.

ಹೆಸರು ಸೇರಿಸುವುದಕ್ಕೂ ತೆಗೆಯುವುದಕ್ಕೂ ಸಭೆಗೆ ಒಂದು ಕ್ರಮವಿತ್ತು. ನೀರು ತುಂಬಿದ ಹಂಡೆಯಲ್ಲಿ ಗಳಿಗೆ ಬಟ್ಟಲು ತೇಲಿಬಿಡುತ್ತಿದ್ದರು. ತಳದಲ್ಲಿ ಸೂಜಿಮೊನೆಯಷ್ಟು ತೂತಿದ್ದ ತಾಮ್ರದ ಬಟ್ಟಲು ಅದು. ತುಂಬಿ ಮುಳುಗಲು ಒಂದು ಗಳಿಗೆ ಹಿಡಿಯುತ್ತಿತ್ತು. ಒಂದು ಹೆಸರು ಸಭೆಗೆ ಬಂದಾಗ, ಬಟ್ಟಲು ಮುಳುಗುವುದರೊಳಗೆ ಯಾರೂ ಬೇಡವೆನ್ನದಿದ್ದರೆ ಹೆಸರು ಸೇರಿತು. ತೆಗೆಯಬೇಕಾದರೆ ಮಾತ್ರ, ಅದೇ ಗಳಿಗೆಯೊಳಗೆ ಏಳೂ ಯಜಮಾನರು ಬಾಯಿಬಿಟ್ಟು "ತೆಗೆಯಿರಿ" ಎನ್ನಬೇಕು. ಒಬ್ಬ ಸುಮ್ಮನಿದ್ದರೂ ಹೆಸರು ಅಲ್ಲೇ ಉಳಿಯಿತು. ಸುಮ್ಮನಿರುವುದು ಎಷ್ಟು ಸುಲಭದ ಕೆಲಸ ಎಂಬುದು ಆ ಕ್ರಮ ಮಾಡಿದವರಿಗೆ ಚೆನ್ನಾಗಿ ಗೊತ್ತಿದ್ದಿರಬೇಕು.

ಕಟ್ಟು ಸರಿಯಾಗಿ ನಡೆದಿದೆಯೇ ಎಂದು ಊರೂರು ತಿರುಗಿ ನೋಡಿ ಬರೆದೊಪ್ಪಿಸಲು ಸಭೆ ಒಬ್ಬ ನೋಟಗಾರನನ್ನು ನೇಮಿಸಿತು. ಅವನು ಪ್ರಾಮಾಣಿಕ. ಕಂಡದ್ದನ್ನು ಬರೆಯುತ್ತಿದ್ದ, ಕಾಣದ್ದನ್ನು ಬರೆಯುತ್ತಿರಲಿಲ್ಲ. ಆ ವಿಷಯದಲ್ಲಿ ಅವನಿಗೆ ತುಸು ಹೆಮ್ಮೆಯೂ ಇತ್ತು.

ಒಮ್ಮೆ ಗವಿಯವರು ಬಿಟ್ಟು ಓಡಿದ ಬೀಡೊಂದಕ್ಕೆ ಅವನು ಹೋದ. ಆರಿದ ಬೆಂಕಿಯ ಪಕ್ಕದಲ್ಲಿ ನೇಗಿಲ ಗುಳಗಳು ಬಿದ್ದಿದ್ದವು. ಕೆಲವನ್ನು ಅರ್ಧ ಬಡಿದು ಈಟಿಯ ಮೊನೆ ಮಾಡಲು ನೋಡಿದ್ದರು. ಕೆಲಸ ಬಲ್ಲವನು ಬಡಿದದ್ದಲ್ಲ, ಮೊನೆಗಳು ಬಾಗಿದ್ದವು. ಪ್ರತಿ ಗುಳದ ಹಿಂಭಾಗದಲ್ಲಿ ಮೂರು ಚುಕ್ಕೆಗಳಿದ್ದವು. ಅದು ಮೂರನೆಯ ಊರಿನ ಕಮ್ಮಾರನ ಗುರುತೆಂದು ಇಡೀ ಕಣಿವೆಗೆ ಗೊತ್ತಿತ್ತು.

ನೋಟಗಾರ ಸಭೆಗೆ ಬಂದು ಹಾಗೆಯೇ ಓದಿದ: ಬೀಡಿನಲ್ಲಿ ಸಿಕ್ಕ ಕಬ್ಬಿಣದ ಮೇಲೆ ಮೂರನೆಯ ಊರಿನ ಕಮ್ಮಾರನ ಗುರುತಿದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಬಟ್ಟಲನ್ನು ನೀರಿಗೆ ಬಿಟ್ಟರು. ಯಾರೂ ಮಾತಾಡಲಿಲ್ಲ. ಬಟ್ಟಲು ಮುಳುಗಿತು. ಕಮ್ಮಾರನ ಹೆಸರು ಏಳು ಹೆಬ್ಬಾಗಿಲಿಗೂ ಏರಿತು.

ಮರುತಿಂಗಳು ನೋಟಗಾರ ಏಳನೆಯ ಊರಿಗೆ ಹೋದ. ಹೆಬ್ಬಾಗಿಲು ಭದ್ರವಾಗಿತ್ತು, ಕಾವಲಿತ್ತು, ಪಟ್ಟಿ ತೂಗುತ್ತಿತ್ತು. ಎಂದಿನಂತೆ ಅಷ್ಟು ನೋಡಿ ತಿರುಗಿದ್ದರೆ ಈ ಕತೆಯೇ ಇಲ್ಲ. ಬಾಯಾರಿತ್ತು. ನೀರು ಹುಡುಕುತ್ತ ಕೋಟೆಯ ಹಿಂಬದಿಗೆ ನಡೆದ. ಅಲ್ಲಿ ದನ ಹೋಗಿ ಬರುವ ದಿಡ್ಡಿ ಬಾಗಿಲಿತ್ತು. ಕಟ್ಟು ಹಾಕಿದಾಗ ಹೆಬ್ಬಾಗಿಲು ನೋಡಬೇಕೆಂದು ಬರೆದಿದ್ದರು. ದಿಡ್ಡಿಯ ಮಾತು ಯಾರೂ ಎತ್ತಿರಲಿಲ್ಲ. ಹಾಡುಹಗಲಲ್ಲೇ ಹುಲ್ಲಿನ ಹೊರೆಗಳು ಒಂದರ ಹಿಂದೊಂದು ಹೊರಟಿದ್ದವು. ಒಂದು ಹೊರೆ ಬಿಚ್ಚಿಕೊಂಡು ಗುಳವೊಂದು ಕಲ್ಲಿನ ಮೇಲೆ ಠಣ್ಣೆಂದು ಬಿತ್ತು. ಹಿಂಭಾಗದಲ್ಲಿ ಮೂರು ಚುಕ್ಕೆ. ಹೊರೆಗಳು ಹೊರಟಿದ್ದು ಊರ ಯಜಮಾನನ ಹಿತ್ತಿಲಿನಿಂದ.

ಕಮ್ಮಾರ ಉಳುವವರಿಗೆಂದು ಗುಳ ಮಾಡಿ ಸಂತೆಯಲ್ಲಿ ಮಾರಿದ್ದ. ಏಳನೆಯ ಊರಿನವರು ಕೊಂಡಿದ್ದರು. ಅಲ್ಲಿಂದ ಅದು ಬೆಟ್ಟ ಹತ್ತಿತ್ತು. ನೋಟಗಾರ ಅಲ್ಲೇ ಮರೆಯಲ್ಲಿ ಕೂತ. ಕಂಡದ್ದನ್ನು ಒಂದು ಓಲೆಯಲ್ಲಿ ಬರೆದ, ಸುತ್ತಿ ಸೊಂಟಕ್ಕೆ ಸಿಕ್ಕಿಸಿದ. ಆ ಊರಿನಲ್ಲಿ ನೀರೂ ಕುಡಿಯದೆ ಹೊರಬಿದ್ದ.

ನೇರ ಮೂರನೆಯ ಊರಿಗೆ ಬಂದ. ಕಮ್ಮಾರನ ಕುಲುಮೆ ಆರಿಹೋಗಿತ್ತು. ಅಕ್ಕಪಕ್ಕದವರು ಬೆಂಕಿಯನ್ನೂ ಕೊಡುವಂತಿರಲಿಲ್ಲ. ನಡುಬೀದಿಯಲ್ಲಿದ್ದ ಆ ಮನೆಯನ್ನು ಜನ ಬಳಸಿಕೊಂಡು ಓಡಾಡುತ್ತಿದ್ದರು. ಎದುರಿನ ಜಗುಲಿಯ ಮೇಲೆ ಊರ ಸೂಲಗಿತ್ತಿ ಎಣ್ಣೆಯ ಗಿಂಡಿ, ಒಗೆದ ಬಟ್ಟೆ ಇಟ್ಟುಕೊಂಡು ಕೂತಿದ್ದಳು.

ಕಮ್ಮಾರ ಹೊಸ್ತಿಲ ಒಳಗೇ ನಿಂತು ಕೈಮುಗಿದ. "ಅಯ್ಯಾ, ನನ್ನ ಹೆಸರು ತೆಗೀರಿ ಅಂತ ನಾನು ಕೇಳಲ್ಲ. ಹೆಂಡತಿಗೆ ದಿನ ತುಂಬಿದೆ. ಚೊಚ್ಚಲು. ಎದುರು ಕೂತಿರೋ ಆ ಸೂಲಗಿತ್ತಿ ಅವ್ವ ಒಂದು ಸಲ ಈ ಹೊಸ್ತಿಲು ದಾಟಲಿ, ಅಷ್ಟು ಬರೆದುಕೊಡಿ."

ಸೂಲಗಿತ್ತಿ ನೋಟಗಾರನ ಮುಖ ನೋಡದೆ ಹೇಳಿದಳು: "ನನಗೂ ಮೂರು ಮಕ್ಕಳಿದಾವೆ ಸ್ವಾಮೀ. ಅಪ್ಪಣೆ ಬರಲಿ, ಓಡಿಹೋಗ್ತೀನಿ. ಬರೋವರೆಗೆ ಇಲ್ಲೇ ಕೂತಿರ್ತೀನಿ."

ಅಂಥ ಅಪ್ಪಣೆ ಕೊಡುವುದು ನೋಟಗಾರನ ಕೈಯಲ್ಲಿರಲಿಲ್ಲ. ನೋಡಬಹುದು, ಬರೆಯಬಹುದು, ಅಷ್ಟೇ. ಬಿಡುವ ಅಧಿಕಾರವೆಲ್ಲ ಸಭೆಯದು, ಸಭೆ ಕೂರುವುದು ಹುಣ್ಣಿಮೆಗೆ. ಹುಣ್ಣಿಮೆಗೆ ಇನ್ನು ಎರಡು ದಿನವಿತ್ತು, ದಾರಿಯೂ ಎರಡು ದಿನದ್ದು. "ನಾಲ್ಕೇ ದಿನ ತಡೆದುಕೋ. ನಿನ್ನ ಹೆಸರನ್ನೇ ತೆಗೆಸಿಕೊಂಡು ಬರುತ್ತೇನೆ," ಎಂದು ನೋಟಗಾರ ಹೊರಟ. ಹೇಳುವಾಗ ಅವನಿಗೆ ಅದರಲ್ಲಿ ಪೂರ್ತಿ ನಂಬಿಕೆಯಿತ್ತು.

ಸಭೆಯಲ್ಲಿ ಅವನು ಎದ್ದುನಿಂತು, "ನನ್ನ ಬರಹ ನಿಜ, ಅದರಿಂದ ನಾವು ತಿಳಿದದ್ದು ತಪ್ಪು. ಕಮ್ಮಾರ ಗವಿಯವರಿಗೆ ಮಾರಿದವನಲ್ಲ," ಎಂದ. ಬಟ್ಟಲನ್ನು ನೀರಿಗೆ ಬಿಟ್ಟರು. ಮೊದಲನೆಯ ಊರಿನ ಯಜಮಾನ "ತೆಗೆಯಿರಿ" ಎಂದ. ಎರಡನೆಯವನು ಎಂದ. ಮೂರನೆಯವನಿಗೆ ಕಮ್ಮಾರ ತನ್ನೂರಿನವನು. ಅವನು ಸ್ವಲ್ಪ ಜೋರಾಗಿಯೇ ಎಂದ. ಹಾಗೇ ಆರು ಜನರದು ಮುಗಿಯಿತು. ಬಟ್ಟಲು ಇನ್ನೂ ಅರ್ಧ ತುಂಬಿರಲಿಲ್ಲ.

ಏಳನೆಯವನು ಮೀಸೆ ಒರೆಸಿಕೊಂಡ. ದನಿ ಬಹಳ ಮೆತ್ತಗಿತ್ತು. "ಕಮ್ಮಾರ ಮಾರಲಿಲ್ಲ ಅಂತೀರಿ. ಹಾಗಾದರೆ ಮಾರಿದವರು ಯಾರು? ಅದನ್ನೂ ಹೇಳಿಬಿಡಿ. ಇಲ್ಲದಿದ್ದರೆ, ಪಟ್ಟಿಯಲ್ಲಿರುವವನ ಮೇಲೆ ನೋಟಗಾರರಿಗೆ ಇಷ್ಟೊಂದು ಕನಿಕರ ಯಾಕೆ ಅಂತ ನಾಳೆ ಜನ ಕೇಳಬಹುದು."

ನೋಟಗಾರನ ಕೈ ಸೊಂಟದ ಓಲೆಯ ಮೇಲೆ ಹೋಯಿತು. ಹೊರಗೆ ತೆಗೆಯಲಿಲ್ಲ. ಆರೂ ಯಜಮಾನರು ತನ್ನನ್ನೇ ನೋಡುತ್ತಿದ್ದಾರೆ ಅನಿಸಿತು. ಅವರು ನೋಡುತ್ತಿದ್ದದ್ದು ಬಟ್ಟಲನ್ನು. ಅವನಿಗೆ ತನ್ನ ಮನೆ ಕಣ್ಣಿಗೆ ಕಟ್ಟಿತು. ಒಲೆಯ ಮುಂದೆ ಹೆಂಡತಿ, ಬೆಂಕಿ ಕೇಳಲು ಹೋದವಳ ಮುಖಕ್ಕೆ ಬಾಗಿಲು ಹಾಕುವ ನೆರೆಯವರು, ಹೆಬ್ಬಾಗಿಲ ಮೇಲೆ ತೂಗುವ ತನ್ನ ಹೆಸರು. ಈ ಸಭೆ ಮುಗಿಯುವ ಮುಂಚೆ ಇವನು ಪಟ್ಟಿಗೆ ನನ್ನ ಹೆಸರು ತರುತ್ತಾನೆ. ಆಗ ಬೇಡವೆನ್ನುವವರು ಇವರಲ್ಲಿ ಯಾರು? ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾರ ಮುಖದಲ್ಲೂ ಧೈರ್ಯ ಸಿಗಲಿಲ್ಲ.   ಓಲೆಯ ಮೇಲಿಂದ ಕೈ ತೆಗೆದ.

ಹಂಡೆಯಲ್ಲಿ ಗುಳುಕ್ ಎಂದಿತು. "ಕಮ್ಮಾರನ ಹೆಸರು ಇದ್ದಲ್ಲೇ ಇದೆ," ಎಂದು ಸಭೆಯ ಕರಣಿಕ ಬರೆದುಕೊಂಡ. ಸೂಲಗಿತ್ತಿಗೆ ಬೇಕಿದ್ದ ಅಪ್ಪಣೆ? ಅದನ್ನು ಕೇಳಲು ನೋಟಗಾರನಿಗೆ ನೆನಪೇ ಆಗಲಿಲ್ಲ. ದಾರಿಯಲ್ಲಿ ಅರ್ಧ ದಿನ ನಡೆದ ಮೇಲೆ ನೆನಪಾಯಿತು. ಅಷ್ಟರಲ್ಲಿ ಯಜಮಾನರು ಅವರವರ ಊರಿನ ದಾರಿ ಹಿಡಿದಿದ್ದರು. ಇನ್ನು ಮುಂದಿನ ಹುಣ್ಣಿಮೆಗೇ ಸಭೆ.

ನಾಲ್ಕನೆಯ ದಿನ ಅವನು ಮೂರನೆಯ ಊರಿಗೆ ಬಂದಾಗ ಸೂಲಗಿತ್ತಿ ಅದೇ ಜಗುಲಿಯ ಮೇಲಿದ್ದಳು. ಎಣ್ಣೆಯ ಗಿಂಡಿ ತುಂಬಿದ್ದಂತೆಯೇ ಇತ್ತು. ಹಿಂದಿನ ದಿನ ಬೆಳಿಗ್ಗೆ ನೋವು ಶುರುವಾಗಿತ್ತಂತೆ. ಅವಳು ಬೀದಿಯ ಈಚೆಯಿಂದಲೇ ಹೀಗೆ ಮಾಡು, ಹಾಗೆ ಹಿಡಿ ಎಂದು ಕಮ್ಮಾರನಿಗೆ ಕೂಗಿ ಕೂಗಿ ಹೇಳಿದ್ದಳು. ಮಾತಿನಲ್ಲಿ ಕೊಟ್ಟರೂ ಕೊಟ್ಟ ಹಾಗೆಯೇ ಅಲ್ಲವೇ ಎಂದು ಬೀದಿಯಲ್ಲಿ ಯಾರೋ ಅಂದರು. ಆಮೇಲೆ ಅವಳು ಕೂಗಲಿಲ್ಲ. ಕೈಯಿಂದ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಒಳಗೆ ಹೆಂಗಸಿನ ದನಿ ನಿಂತಿತು, ಕೂಸಿನದು ಕೇಳಿತು.

ಕೂಸಿಗೆ ಹಾಲು ಬೇಕಿತ್ತು. ಆ ಬೀದಿಯಲ್ಲಿ ಮೊಲೆಯೂಡುವ ತಾಯಂದಿರು ನಾಲ್ವರಿದ್ದರು. ನಾಲ್ವರೂ ಬಾಗಿಲ ಹಿಂದೆ ನಿಂತು ಅತ್ತರು, ಹೊರಗೆ ಬರಲಿಲ್ಲ. ಕಮ್ಮಾರ ಹೆಂಡತಿಯನ್ನು ಹಿತ್ತಿಲಲ್ಲಿ ತಾನೇ ಮಣ್ಣುಮಾಡಿದ. ಕೂಸನ್ನು ಎದೆಗೆ ಕಟ್ಟಿಕೊಂಡ. ಸುತ್ತಿಗೆಯನ್ನು ಹೆಗಲಿಗಿಟ್ಟುಕೊಂಡ. ಹೆಬ್ಬಾಗಿಲಲ್ಲಿ ತನ್ನ ಹೆಸರಿನ ಕೆಳಗೇ ಹಾದು ಹೊರಗೆ ಹೋದ. ಪಟ್ಟಿಯಲ್ಲಿದ್ದವನನ್ನು ಒಳಗೆ ಬಿಡಬಾರದೆಂದಿತ್ತು, ಹೊರಗೆ ಹೋಗುವವನನ್ನು ತಡೆಯಬೇಕೆಂದು ಎಲ್ಲೂ ಇರಲಿಲ್ಲ. ಬೆಟ್ಟದ ದಾರಿಯಲ್ಲಿ ಕೂಸಿನ ಅಳು ಬಹಳ ಹೊತ್ತು ಕೇಳುತ್ತಿತ್ತೆಂದು ಕಾವಲಿನವನು ಹೇಳಿದ.

ಗವಿಗಳಲ್ಲೂ ಹೆಂಗಸರಿದ್ದರು. ಒಬ್ಬಳು ಹಾಲೂಡಿದಳು. ಆ ವರ್ಷದಿಂದ ಗವಿಯವರ ಈಟಿಯ ಮೊನೆ ಬಾಗುವುದು ನಿಂತುಹೋಯಿತು.

ನೋಟಗಾರ ಮುಂದಿನ ಸಭೆಯಲ್ಲಿ ಎಂದಿನಂತೆ ಕಂಡದ್ದನ್ನು ಓದಿದ: ಮೂರನೆಯ ಊರಿನ ಕಮ್ಮಾರ ಗವಿಯವರ ಜೊತೆ ಇದ್ದಾನೆ, ಅವರಿಗೆ ಆಯುಧ ಮಾಡಿಕೊಡುತ್ತಿದ್ದಾನೆ. ಅದರಲ್ಲೂ ಒಂದಕ್ಷರ ಸುಳ್ಳಿರಲಿಲ್ಲ. ಏಳನೆಯವನು ಎಲ್ಲರನ್ನೂ ನೋಡಿ, "ನಾವು ಬರೆದದ್ದು ಸರಿಯಾಗಿಯೇ ಇತ್ತಲ್ಲ," ಎಂದ. ಯಜಮಾನರ ಎದೆ ಹಗುರಾಯಿತು. ಆ ಮಾತು ಎಲ್ಲರಿಗೂ ಬೇಕಾಗಿತ್ತು. ನೋಟಗಾರನೂ ತಲೆಯಾಡಿಸಿದ. ಓಲೆ ಅವನ ಸೊಂಟದಲ್ಲೇ ಇತ್ತು, ಕೂತಾಗಲೆಲ್ಲ ಚುಚ್ಚುತ್ತಿತ್ತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಹಾಗಾದರೆ ಪಟ್ಟಿಯೇ ಬೇಡವೇ ಗುರುಗಳೇ? ಗವಿಯವರು ಕೊಂದದ್ದು ಸುಳ್ಳಲ್ಲ ಎಂದು ತಾವೇ ಹೇಳಿದಿರಿ."

"ಸುಳ್ಳಲ್ಲ. ಬೇಡವೆಂದು ನಾನು ಹೇಳಲೂ ಇಲ್ಲ. ಕುದುರೆ ಸಿಗದೆ ಅವರು ಎರಡು ಊರಿನ ದಾರಿ ಬಿಟ್ಟದ್ದೂ ಉಂಟು, ಅಲ್ಲಿ ಮಕ್ಕಳು ಬದುಕಿದ್ದೂ ಉಂಟು. ನೀನು ಕೇಳಿದ್ದು ಕಣ್ಣಿಡುವವರು ಯಾರು ಎಂದು. ಕಣ್ಣಿಟ್ಟವನು ಇದ್ದ, ಅವನು ಎಲ್ಲವನ್ನೂ ಕಂಡಿದ್ದ." ಗುರುಗಳು ಅವನ ಮುಖವನ್ನೇ ನೋಡಿದರು. "ಈಗ ನೀನು ಹೇಳು. ನಾಳೆ ಆ ಸಭೆಯಲ್ಲಿ ನೀನು ಕೂರುತ್ತೀ. ಓಲೆ ನಿನ್ನ ಸೊಂಟದಲ್ಲಿದೆ. ಏಳನೆಯವನು ಎಲ್ಲರ ಎದುರು ನಿನ್ನನ್ನೇ ಕೇಳುತ್ತಿದ್ದಾನೆ. ಏನು ಮಾಡುತ್ತೀ?"

ಶಿಷ್ಯ ಕೂಡಲೇ ಉತ್ತರ ಕೊಡಲು ಹೊರಟ. ಸೋದರಮಾವನ ಮನೆ ನೆನಪಾಯಿತು. ಆ ಮನೆಯಲ್ಲಿ ಈಗ ಅವನನ್ನೇ ನಂಬಿಕೊಂಡ ಅತ್ತೆ ಇದ್ದರು, ಅವರ ಇಬ್ಬರು ಹೆಣ್ಣುಮಕ್ಕಳಿದ್ದರು. ಅವರು ಬೆಂಕಿ ಕೇಳಲು ಯಾರ ಮನೆಗೆ ಹೋದಾರು ಎಂದು ಯೋಚಿಸಿದ.  ತಲೆ ತಗ್ಗಿಸಿ ಇನ್ನಷ್ಟು ಯೋಚಿಸಿದ. ಗುರುಗಳು ಅವಸರ ಮಾಡಲಿಲ್ಲ. ಒಂದು ಗಳಿಗೆ ಪೂರ್ತಿ ಕಾದರು.

ಆಮೇಲೆ ಮೆಲ್ಲಗೆ ಹೇಳಿದರು: "ಬಟ್ಟಲು ಮುಳುಗಿತು, ಮಗೂ."