ಸೌಟು ತಾಗಿದ ಸದ್ದು

ಪೂಜ್ಯ ಬಯಲಜ್ಜನವರು ಮಠ ಕಟ್ಟಲಿಲ್ಲ, ಪೀಠ ಏರಲಿಲ್ಲ. ಹಿರೇಕಣವಿಯ ಏರುದಾರಿ ಶುರುವಾಗುವಲ್ಲಿ ಒಂದು ಬೇವಿನ ಮರ, ಮರದ ಕೆಳಗೆ ಬಿದಿರಿನ ತಟ್ಟಿ, ಒಳಗೆ ನೀರಿನ ಹರವಿ, ಮಜ್ಜಿಗೆಯ ಕೊಡ, ಉದ್ದ ಹಿಡಿಕೆಯ ಒಂದು ಹಿತ್ತಾಳೆ ಸೌಟು. ಅವರ ಸಂಸ್ಥಾನವೆಂದರೆ ಇಷ್ಟೇ. ಬಿಸಿಲಲ್ಲಿ ಕಣಿವೆ ದಾಟುವವರಿಗೆ ಮಜ್ಜಿಗೆ ಹೊಯ್ಯುವುದನ್ನೇ ಅವರು ಪೂಜೆಯೆಂದು ತಿಳಿದಿದ್ದರು. ಬಾಲ್ಯದಲ್ಲಿ ಬಂದ ಸಿಡುಬು ಅವರ ಎಡಗಣ್ಣಿನ ಬೆಳಕನ್ನು ಒಯ್ದಿತ್ತು. ಉಳಿದ ಒಂದು ಕಣ್ಣಿನಲ್ಲಿ ಅವರು ಲೋಕವನ್ನು ನೋಡುತ್ತಿದ್ದರು. ಲೋಕಕ್ಕೆ ಅದರಿಂದ ಯಾವ ಕೊರತೆಯೂ ಆಗಲಿಲ್ಲ.

ಅಜ್ಜನವರಲ್ಲಿ ಒಂದು ರೂಢಿಯಿತ್ತು. ಯಾರು ಚಂಬು ಚಾಚಲಿ, ಲೋಟ ಚಾಚಲಿ, ಮೊದಲು ಸೌಟನ್ನು ಅದರ ಅಂಚಿಗೆ ತಾಗಿಸುವರು. ಠಣ್ ಎಂದ ಮೇಲೆಯೇ ಮಜ್ಜಿಗೆ. ದಾರಿಯಲ್ಲಿ ಬಂದ ಮಠದ ಅಯ್ಯನವರ ಬೆಳ್ಳಿ ಚಂಬಿಗೆ ತಾಗಿದ ಸೌಟೇ ಚಪ್ಪಲಿ ಹೊಲಿಯುವವನ ಮಣ್ಣಿನ ಕುಡಿಕೆಗೂ ತಾಗುತ್ತಿತ್ತು. ಭೇದವನ್ನು ಅಳಿಸಲು ಪೂಜ್ಯರು ಹೀಗೆ ಮಾಡುತ್ತಾರೆ ಎಂದು ಭಕ್ತರಲ್ಲಿ ಒಂದು ಪಂಗಡ ಹೇಳುತ್ತಿತ್ತು. ಆ ನಾದದಲ್ಲಿ ಮಂತ್ರೋಪದೇಶವಿದೆ ಎಂಬುದು ಶಿಷ್ಯ ಕರವೀರಪ್ಪನ ಮತ. ಅದನ್ನು ಅವನು ಅಮಾವಾಸ್ಯೆಗೊಮ್ಮೆ ವಿಸ್ತಾರವಾಗಿ ವಿವರಿಸುತ್ತಿದ್ದ. ಎರಡು ಪಂಗಡಗಳ ನಡುವೆ ಮಾತು ಬಿಟ್ಟುಹೋಗಿತ್ತು. ಅಜ್ಜನವರನ್ನೇ ಕೇಳಿಬಿಡೋಣವೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ಅಲ್ಲಿಗೆ ಬಂದವನು ಶಿಲ್ಪಿ ಮೋನಪ್ಪಾಚಾರಿ. ನೀರಡಿಕೆಯಿಂದ ಬಂದವನಲ್ಲ, ಹೆದರಿಕೆಯಿಂದ ಬಂದಿದ್ದ. ಮರುದಿನ ಬೆಳಿಗ್ಗೆ ಹಿರೇಕಣವಿಯಲ್ಲಿ ಗುಡ್ಡದವ್ವನ ಹೊಸ ಮೂರ್ತಿಗೆ ಕಣ್ಣು ತೆರೆಯುವ ಮುಹೂರ್ತ. ಮೂರ್ತಿ ಅವನದೇ ಕೈಯದು. ಕಣ್ಣಿನ ಬೊಂಬೆಯ ಮೇಲೆ ಕೊನೆಯ ಏಟು ಹಾಕಬೇಕಾದವನೂ ಅವನೇ.

ಯುಗಾದಿ ಕಳೆದ ಮೇಲೆ ಒಂದು ದಿನ ಕಲ್ಲಿನ ಚಕ್ಕೆ ಹಾರಿ ಅವನ ಬಲಗಣ್ಣನ್ನು ಹೊಕ್ಕಿತ್ತು. ಹೊರಗಿನಿಂದ ನೋಡಿದರೆ ಕಣ್ಣು ಇದ್ದ ಹಾಗೆಯೇ ಇತ್ತು, ಒಳಗೆ ಕತ್ತಲೆ. ಹೆಂಡತಿಯೊಬ್ಬಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಉಳಿಯನ್ನು ಕಲ್ಲಿಗೆ ಆನಿಸಿ ಹೊಡೆಯುವ ಕೆಲಸಕ್ಕೆ ಒಂದು ಕಣ್ಣು ಸಾಕಾಗುತ್ತಿತ್ತು. ಆದರೆ ದೇವಿಯ ಕಣ್ಣಿಗೆ ಆ ಊರಿನ ಕಟ್ಟಳೆ ಬೇರೆ. ಮುಹೂರ್ತ ಶುರುವಾದ ಮೇಲೆ ಅವಳು ಕಣ್ಣು ತೆರೆಯುವ ತನಕ ಕೈಯಾಗಲಿ ಉಳಿಯಾಗಲಿ ಮುಖದ ಮೇಲೆ ತಂಗಬಾರದು. ಉಳಿ ಗಾಳಿಯಲ್ಲಿ ಬಂದು ಕಲ್ಲು ತಾಗಬೇಕು, ತಾಗಿದ ಕ್ಷಣವೇ ಸುತ್ತಿಗೆ ಬೀಳಬೇಕು. ಕಟ್ಟಳೆಯ ಇನ್ನೊಂದು ಭಾಗವನ್ನು ಮೋನಪ್ಪ ನೆನೆಯಲೂ ಅಂಜುತ್ತಿದ್ದ: ಅಂಗ ಊನವಾದವನು ಆ ಏಟು ಹಾಕುವಂತಿಲ್ಲ.

ಮನೆಯ ಹಿತ್ತಲಿನಲ್ಲಿ ಒಡಕು ಕಲ್ಲುಗಳ ಮೇಲೆ ಅವನು ಅಭ್ಯಾಸ ಮಾಡಿ ನೋಡಿದ್ದ. ಒಂದು ಕಣ್ಣಿಗೆ ಅಂತರ ತಿಳಿಯಲೊಲ್ಲದು. ಉಳಿ ಕಲ್ಲು ಮುಟ್ಟುವ ಮೊದಲೇ ಸುತ್ತಿಗೆ ಬಿದ್ದು ಉಳಿ ಜಾರುತ್ತಿತ್ತು. ಹಿತ್ತಲ ತುಂಬ ಕಣ್ಣು ಕಿತ್ತುಹೋದ ಕಲ್ಲುಗಳು. ನಾಳೆ ಹಾಗೇ ಜಾರಿದರೆ ಮೂರ್ತಿ ಭಿನ್ನವಾಗುತ್ತದೆ, ಹೊಳೆಗೆ ಬಿಡಬೇಕಾಗುತ್ತದೆ. ನಿಜ ಹೇಳಿದರೆ ಬೇರೆ ಶಿಲ್ಪಿ ಬರುತ್ತಾನೆ. ತಲೆತಲಾಂತರದಿಂದ ದೇವರನ್ನು ಕಡೆದ ಮನೆತನ ಇನ್ನು ಮೇಲೆ ಒರಳು ಕಡೆಯುತ್ತದೆ.

ತಟ್ಟಿಯಲ್ಲಿ ಕುಳಿತು, ಮಾತು ಹೇಗೆ ಎತ್ತುವುದೆಂದು ತಿಳಿಯದೆ, ಅವನು ಮುಂದಿಟ್ಟ ಲೋಟಕ್ಕೆ ಕೈ ಚಾಚಿದ. ಬೆರಳುಗಳು ಲೋಟಕ್ಕಿಂತ ಈಚೆಗೇ ಗಾಳಿಯನ್ನು ಹಿಡಿದವು. ಮತ್ತೆ ಚಾಚಿದ. ತಲೆ ಎತ್ತಿದಾಗ ಅಜ್ಜನವರ ಒಂದು ಕಣ್ಣು ಅವನ ಕೈಯನ್ನೇ ನೋಡುತ್ತಿತ್ತು.

ಅಷ್ಟರಲ್ಲಿ ಗಾಡಿಯ ಗೆಜ್ಜೆ ಕೇಳಿಸಿತು. ಬಂದವರು ಊರಿನ ಹಿರಿಯರಾದ ಬಾಪುಗೌಡರು. ಅವರಿಗೆ ಅಜ್ಜನವರಲ್ಲಿ ಅಪಾರ ಭಕ್ತಿ. ಆದರೆ ಬೆಳಿಗ್ಗೆ ಒಕ್ಕಣ್ಣಿನವರ ಮುಖ ನೋಡಬಾರದೆಂಬುದು ಅವರ ಮನೆತನದ ನಂಬಿಕೆ. ಆದ್ದರಿಂದ ಅವರ ಭಕ್ತಿ ಯಾವಾಗಲೂ ಮಧ್ಯಾಹ್ನದ ಮೇಲೆ ಬರುತ್ತಿತ್ತು.

“ಏ ಆಚಾರಿ! ನಾಳಿಗಿ ದೇವಿ ಕಣ್ಣು ತೆಗಿಯಾಂವ ಇಲ್ಲಿ ಮಜ್ಜಿಗಿ ಕುಡಕೋತ ಕುಂತೀಯಲ್ಲ?”

“ಬಿಸಲು ಭಾಳ ಐತ್ರಿ ಗೌಡ್ರ.”

“ನಿಮ್ಮಪ್ಪ ಒಂದ ಏಟಿಗೆ ತೆಗದಿದ್ದ, ನೆನಪಿಟ್ಟುಕೋ. ಊರಿಗೂರ ನಿನ್ನ ಬೆನ್ನ ಹಿಂದ ನಿಂತಿರತೈತಿ. ಕೈ ನಡಗಿತಂದ್ರ ನಾ ಸುಮ್ಮನ ಇರಾಂವ ಅಲ್ಲ.” ಆಮೇಲೆ ಗೌಡರು ಅಜ್ಜನವರಿಗೆ ಕೈಮುಗಿದರು. “ಅಜ್ಜಾರ, ತಾವೂ ಪಾದ ಬೆಳಸಬೇಕ್ರಿ. ಕಣ್ಣು ತೆಗದಾದ ಮ್ಯಾಲ, ಊಟದ ಹೊತ್ತಿಗೆ ಬಂದ್ರ ಚಲೋರಿ. ಮುಂಜಾನೆ ಗದ್ದಲ ಇರತೈತಿ.”

“ಹೌದಪಾ, ಗದ್ದಲ ಇರತೈತಿ,” ಎಂದರು ಅಜ್ಜನವರು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕೈಯಲ್ಲಿದ್ದ ಸೌಟನ್ನು ಮೋನಪ್ಪನ ಕಡೆ ಚಾಚಿದರು. “ತಮ್ಮಾ, ಗೌಡ್ರಿಗೆ ನೀ ಹೊಯ್ಯಿ.”

ಮೋನಪ್ಪ ಸೌಟನ್ನು ತೆಗೆದುಕೊಂಡ. ಗೌಡರು ಬೆಳ್ಳಿಯ ಚಂಬನ್ನು ಮುಂದೆ ಹಿಡಿದಿದ್ದರು. ಅದು ಎಷ್ಟು ದೂರದಲ್ಲಿದೆ? ಅವನಿಗೆ ಗೊತ್ತಾಗಲಿಲ್ಲ. ಮಜ್ಜಿಗೆ ಗೌಡರ ರೇಷ್ಮೆ ಅಂಗಿಯ ಮೇಲೆ ಬಿದ್ದರೆ ಎಲ್ಲವೂ ಇಲ್ಲೇ ಮುಗಿಯಿತು. ಸೌಟು ತುಂಬಿ ಎತ್ತಿದವನು ಅದನ್ನು ಗಾಳಿಯಲ್ಲೇ ಹಿಡಿದು ನಿಂತ. ಗೌಡರ ಹುಬ್ಬು ಗಂಟಾಯಿತು.

“ಮದಲ ಮುಟ್ಟಸು,” ಎಂದರು ಅಜ್ಜನವರು ಮೆಲ್ಲಗೆ. “ಆಮ್ಯಾಲ ಹೊಯ್ಯಿ.”

ಅವನು ಸೌಟನ್ನು ನಿಧಾನವಾಗಿ ಮುಂದೆ ಒಯ್ದ. ಠಣ್. ಮಜ್ಜಿಗೆ ಒಂದು ಹನಿಯೂ ಹೊರಚೆಲ್ಲದೆ ಚಂಬು ತುಂಬಿತು. ಗೌಡರು ಕುಡಿದು, ಮೀಸೆ ಒರೆಸಿಕೊಂಡು ಹೊರಟರು.

ಮೋನಪ್ಪ ಕೈಯಲ್ಲಿದ್ದ ಸೌಟನ್ನು ನೋಡಿದ, ಅಜ್ಜನವರನ್ನು ನೋಡಿದ.

“ಅಜ್ಜಾ... ಇಷ್ಟ ವರ್ಷ ನೀವು ಮುಟ್ಟಸಿದ್ದು ಇದಕ್ಕೇನ್ರಿ?”

“ಮತ್ಯಾಕೋ? ಒಂದ ಕಣ್ಣಿಗೆ ಅಂತರ ತಿಳಿಯಂಗಿಲ್ಲ. ಕೈಗೆ ತಿಳೀತೈತಿ.”

ಮೂಲೆಯಲ್ಲಿ ಕುಳಿತಿದ್ದ ಶಿಷ್ಯ ಕರವೀರಪ್ಪನಿಗೆ ಕೆಮ್ಮು ಬಂತು. ಅದು ಬಹಳ ಹೊತ್ತು ನಿಲ್ಲಲಿಲ್ಲ.

“ಆದ್ರ ನಾ ಉಳಿ ಮುಟ್ಟಿಸಿದ್ರ ಊರಿಗೆಲ್ಲಾ ಗೊತ್ತಾಗತೈತ್ರಿ,” ಎಂದ ಮೋನಪ್ಪ.

“ಗೊತ್ತಾಗಲಿ. ಕಣ್ಣು ಹೋದದ್ದು ನಿನ್ನ ತಪ್ಪಲ್ಲ. ಐತಿ ಅಂತ ತೋರಸೂದು ಯಾಕೋ?”

ಅಜ್ಜನವರು ಸೌಟು ತಿರುಗಿ ತೆಗೆದುಕೊಂಡರು. ಮುಂದಿನ ದಾರಿಹೋಕ ಕುಡಿಕೆ ಹಿಡಿದು ನಿಂತಿದ್ದ.

ಮರುದಿನ ಬೆಳಿಗ್ಗೆ ಗುಡಿಯ ಅಂಗಳದಲ್ಲಿ ಊರಿಗೂರೇ ನೆರೆದಿತ್ತು. ಪೂಜಾರಿ ಪರದೆ ಸರಿಸಿದ. ಕಣ್ಣಿಲ್ಲದ ಗುಡ್ಡದವ್ವನ ಮುಖ ಬಿಸಿಲಿಗೆ ಬಂತು. ವಾದ್ಯ ನಿಂತಿತು. ಮೊದಲೇ ಎಲ್ಲರೆದುರು ನಿಜ ಹೇಳಬೇಕೆಂದು ಮೋನಪ್ಪ ದಾರಿಯುದ್ದಕ್ಕೂ ನಿಶ್ಚಯಿಸಿಕೊಂಡು ಬಂದಿದ್ದ. ಮಣೆ ಹತ್ತಿದ ಮೇಲೆ ನಾಲಿಗೆ ಏಳಲಿಲ್ಲ. ಉಳಿಯನ್ನು ಗಾಳಿಯಲ್ಲಿ ಹಿಡಿದ. ಕೈ ಅಪ್ಪನ ಹಾಗೆ ಒಂದೇ ಏಟಿಗೆ ಹೊರಟಿತು, ಅರ್ಧದಲ್ಲಿ ನಿಂತಿತು. ಹಿತ್ತಲ ಕಲ್ಲುಗಳೆಲ್ಲ ಕಣ್ಣ ಮುಂದೆ ಬಂದವು.

ಅವನು ಉಳಿಯನ್ನು ಮೆಲ್ಲಗೆ ಮುಂದೆ ಒಯ್ದು ದೇವಿಯ ಎಡಗಣ್ಣಿಗೆ ತಾಗಿಸಿದ. ಸಣ್ಣ ಸದ್ದಾಯಿತು. ಆಮೇಲೆ ಸುತ್ತಿಗೆ ಬಿತ್ತು. ಕಣ್ಣಿನ ಬೊಂಬೆ ಸಾಸಿವೆಯಷ್ಟೂ ಅತ್ತಿತ್ತ ಇರಲಿಲ್ಲ.

“ಉಳಿ ಆನಿಸಿದ! ಆನಿಸಿದ!” ಎಂದು ಯಾರೋ ಕೂಗಿದರು.

“ನಿಲ್ಲಸೋ!” ಬಾಪುಗೌಡರು ಮುಂದೆ ನುಗ್ಗಿದರು. “ಏನಿದು ಹಲ್ಕಾ ಕೆಲಸ? ಯಾಕ ಮುಟ್ಟಸಿದಿ?”

ಗುರುವಿನ ಅಪ್ಪಣೆ ಎನ್ನಬಹುದಿತ್ತು, ಕನಸಿನಲ್ಲಿ ದೇವಿ ಹೇಳಿದಳು ಎನ್ನಬಹುದಿತ್ತು. ಕನಸಿಗೆ ಆ ಊರಿನಲ್ಲಿ ಎದುರು ಮಾತಿರಲಿಲ್ಲ. ಮೋನಪ್ಪ ಮಣೆಯ ಮೇಲೆಯೇ ತಿರುಗಿ ನಿಂತ.

“ನನಗ ಬಲಗಣ್ಣು ಕಾಣಂಗಿಲ್ರಿ ಗೌಡ್ರ. ಯುಗಾದಿ ಆದ ಮ್ಯಾಲ ಹೋತು. ನಿಮ್ಮೆಲ್ಲಾರಿಂದ ಮುಚ್ಚಿಟ್ಟಿದ್ದೆ.”

ಗೌಡರ ಕುತ್ತಿಗೆಯ ನರ ಉಬ್ಬಿತು. “ಇಳಿ ಕೆಳಗ! ಒಕ್ಕಣ್ಣನ ಕೈಲೆ ದೇವಿ ಕಣ್ಣು ತೆಗಸೂದು ಇಲ್ಲ. ಬ್ಯಾರೆ ಆಚಾರಿನ್ನ ಕರಸ್ತೀನಿ!”

“ಮುಹೂರ್ತ ಮೀರತೈತ್ರಿ,” ಎಂದ ಪೂಜಾರಿ. ಸುತ್ತಲಿನ ಯಾವ ಊರಿನಿಂದಲೂ ಸಂಜೆಯೊಳಗೆ ಶಿಲ್ಪಿ ಬರುವಂತಿರಲಿಲ್ಲ.

ಆಗ ಹೆಂಗಸರ ಗುಂಪಿನಿಂದ ಮುದುಕಿ ನೀಲವ್ವನ ದನಿ ಎದ್ದಿತು: “ಹಂಗಾರ ಅಲ್ಲೀತನಕ ನಮ್ಮವ್ವ ಒಕ್ಕಣ್ಣಿ ಆಗಿ ಕುಂದರಬೇಕೇನೋ ಯಪ್ಪಾ?”

ಗೌಡರು ತಿರುಗಿ ನೋಡಿದರು. ಗುಡ್ಡದವ್ವ ತೆರೆದ ಒಂದೇ ಕಣ್ಣಿನಿಂದ ಅವರನ್ನು ನೇರವಾಗಿ ನೋಡುತ್ತಿದ್ದಳು. ಬೆಳಿಗ್ಗೆ ಯಾವ ಮುಖವನ್ನು ನೋಡಬಾರದೆಂದು ಅವರು ಆಯುಷ್ಯವೆಲ್ಲ ತಪ್ಪಿಸಿಕೊಂಡಿದ್ದರೋ ಆ ಮುಖ ಎದುರಿಗೇ ಇತ್ತು, ಮತ್ತು ಅದು ಅವರ ಮನೆದೇವರದು.

ಗೌಡರ ಕೈಗಳು ತಾವಾಗಿಯೇ ಕೂಡಿದವು. ಬಂದದ್ದು ಗೌಡಿಕೆ ಇಲ್ಲದ ದನಿ.

“ಮುಗಸಪಾ ಆಚಾರಿ... ಮುಟ್ಟಿಸೇ ಮುಗಸು.”

ಮೋನಪ್ಪ ಮುಗಿಸಿದ. ದೇವಿ ಎರಡೂ ಕಣ್ಣು ತೆರೆದಳು.

ಊಟದ ಹೊತ್ತಿಗೆ ಅಜ್ಜನವರು ಊರಿಗೆ ಬರಲಿಲ್ಲ. ಕಣಿವೆಯಲ್ಲಿ ಬಿಸಿಲಿತ್ತು, ದಾರಿಹೋಕರಿದ್ದರು. ಮೋನಪ್ಪನೇ ಅಲ್ಲಿಗೆ ಹೋದ. ನಮಸ್ಕರಿಸಲು ಬಾಗಿದವನು ಕೈಯನ್ನು ಮೊದಲು ನೆಲಕ್ಕೆ ತಾಗಿಸಿದ, ನೆಲದ ಮೇಲೇ ಸರಿಸುತ್ತ ಪಾದ ಮುಟ್ಟಿದ. ನಾಲ್ಕು ಜನ ನೋಡುತ್ತಿದ್ದರು. ಅವನು ಅವಸರ ಮಾಡಲಿಲ್ಲ.

“ದೇವಿಗೆ ಕಾಣತೈತೇನೋ?” ಎಂದು ಕೇಳಿದರು ಅಜ್ಜನವರು.

“ಕಾಣತೈತ್ರಿ ಅಜ್ಜಾ. ನನಗೂ.”

ಮರುದಿನ ಹೊತ್ತು ಮೂಡಿ ಇನ್ನೂ ಬಿಸಿಲೇರದಿದ್ದಾಗ ಬೇವಿನ ಮರದ ಕೆಳಗೆ ಒಂದು ಗಾಡಿ ಬಂದು ನಿಂತಿತು. ಬಾಪುಗೌಡರು ಇಳಿದು, ಅಜ್ಜನವರ ಮುಖವನ್ನು ನೇರವಾಗಿ ನೋಡಿ, ಬೆಳ್ಳಿಯ ಚಂಬನ್ನು ಚಾಚಿದರು. ಸೌಟು ಅಂಚಿಗೆ ತಾಗಿತು. ಆ ಸದ್ದು ಕಿವಿಗೆ ಬಿದ್ದ ಮೇಲೆಯೇ ಗೌಡರು, ಗುಡಿಯ ಗಂಟೆ ಕೇಳಿದವರಂತೆ, ಕಣ್ಣು ಮುಚ್ಚಿಕೊಂಡರು.