ಪ್ರಫುಲ್ಲಾಳ ಹುರುಳಿ ಸಾರು

ವಿಚ್ಛೇದನವಾದ ನಾಲ್ಕನೇ ತಿಂಗಳಲ್ಲಿ ಪ್ರಫುಲ್ಲಾ ನದೀ ದಂಡೆಯ ಆಶ್ರಮಕ್ಕೆ ಬಂದಳು. ಆಶ್ರಮ ನಡೆಸುತ್ತಿದ್ದವರು ಚೆನ್ನಾಜಮ್ಮ. ಎಪ್ಪತ್ತು ದಾಟಿದವರು, ಮಾತು ಕಡಿಮೆ.

ಪ್ರಫುಲ್ಲಾ ಒಂಬತ್ತು ವರ್ಷ ಅಡುಗೆಯ ಬ್ಲಾಗ್ ಬರೆದಿದ್ದಳು. ಹೆಸರು 'ನಮ್ಮಿಬ್ಬರ ಅಡುಗೆಮನೆ'. ಅವಳು ಮಾಡುತ್ತಿದ್ದಳು, ಗಂಡ ರುಚಿ ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದ. ಆ ಅಂಕವನ್ನೂ ಅವಳು ಬರೆಯುತ್ತಿದ್ದಳು. ಎಂಟರ ಮೇಲೆ ಯಾವತ್ತೂ ಬಂದಿರಲಿಲ್ಲ.

"ಅಮ್ಮಾ, ಅದನ್ನು ಅಳಿಸಿಬಿಡಲೇ?" ಎಂದು ಕೇಳಿದಳು. "'ನಿಮ್ಮ ಮನೆಯವರೆಲ್ಲಿ, ಈಗ ಯಾಕೆ ಅಂಕ ಇಲ್ಲ' ಅಂತ ಓದುವವರು ಕೇಳುತ್ತಾರೆ. ವಿಷಯ ಗೊತ್ತಾದವರು, 'ಸಂಸಾರ ಉಳಿಸಿಕೊಳ್ಳಲಾರದವಳು ಮನೆ ಅಡುಗೆ ಹೇಳಿಕೊಡುತ್ತಾಳೆ' ಅಂತ ಬರೆಯುತ್ತಾರೆ. ಒಲೆ ಹಚ್ಚುವುದಕ್ಕೇ ಮನಸ್ಸಿಲ್ಲ."

"ಹುರುಳಿ ನೆನೆದಿದೆ," ಎಂದರು ಚೆನ್ನಾಜಮ್ಮ. "ಸಾರು ಮಾಡು."

ಮಾಡಿದಳು. ಮೊದಲು ಅಮ್ಮನಿಗೆ ಬಡಿಸಿ, ಸೌಟು ಹಿಡಿದು ಎದುರಿಗೇ ನಿಂತಳು.

"ಹೇಗಿದೆ ಅಮ್ಮಾ?"

ಚೆನ್ನಾಜಮ್ಮ ತಟ್ಟೆಯಲ್ಲಿದ್ದದ್ದನ್ನೆಲ್ಲ ಉಂಡು, ಎದ್ದು ಕೈ ತೊಳೆದುಕೊಂಡರು.

ಮರುದಿನವೂ ಹುರುಳಿ ಸಾರು. ಅಂದೂ ಅಮ್ಮ ಉಂಡು ಕೈ ತೊಳೆದುಕೊಂಡರು.

ಮೂರನೆಯ ದಿನ ಪ್ರಫುಲ್ಲಾಗೆ ತಡೆಯಲಾಗಲಿಲ್ಲ. "ಚೆನ್ನಾಗಿಲ್ಲ ಅಂತಲಾದರೂ ಹೇಳಿ. ಮೂರು ದಿನದಿಂದ ನಿಮ್ಮ ಮುಖ ನೋಡಿಕೊಂಡು ನಿಂತಿದ್ದೇನೆ."

"ನೀನು ಊಟ ಮಾಡಿದೆಯಾ?"

"ನೀವು ಹೇಳಿದ ಮೇಲೆ ಮಾಡೋಣ ಅಂತ."

"ಒಂಬತ್ತು ವರ್ಷ ಹೀಗೇನಾ?"

ಪ್ರಫುಲ್ಲಾ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

ಚೆನ್ನಾಜಮ್ಮ ಇನ್ನೂ ಮುಟ್ಟದ ತಮ್ಮ ತಟ್ಟೆಯನ್ನು ಅವಳ ಕಡೆ ಸರಿಸಿದರು. ಪ್ರಫುಲ್ಲಾ ಕೂತು ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. ಮುಖ ಕಿವುಚಿದಳು.

"ಸಪ್ಪೆ," ಎಂದಳು. "ಇದು ಗಂಡನ ಮನೆಯ ಸಾರು. ನಮ್ಮಮ್ಮ ಒಂದು ಹಿಡಿ ಒಣಮೆಣಸಿನಕಾಯಿ ಹುರಿದು, ಬೆಳ್ಳುಳ್ಳಿ ಜಜ್ಜಿ ಹಾಕುತ್ತಿದ್ದಳು. ಅವರಿಗೆ ಬೆಳ್ಳುಳ್ಳಿ ವಾಸನೆ ಆಗುತ್ತಿರಲಿಲ್ಲ. ಮದುವೆಯಾದ ವಾರವೇ ಬಿಟ್ಟೆ."

"ಬೆಳ್ಳುಳ್ಳಿ ಬುಟ್ಟಿ ಬಾಗಿಲ ಹಿಂದಿದೆ," ಎಂದರು ಚೆನ್ನಾಜಮ್ಮ.

ನಾಲ್ಕನೆಯ ದಿನ ಅಡುಗೆಮನೆಯ ಘಾಟಿಗೆ ಅಂಗಳದಲ್ಲಿದ್ದವರೆಲ್ಲ ಸೀನಿದರು. ಪ್ರಫುಲ್ಲಾ ಮೊದಲು ತಾನೇ ಕೂತು ಹೊಟ್ಟೆ ತುಂಬ ಉಂಡಳು. ಆಮೇಲೆ ಎಲ್ಲರಿಗೂ ಬಡಿಸಿದಳು.

ಆಶ್ರಮದ ಹಿರಿಯರಾದ ಪುಟ್ಟಸ್ವಾಮಯ್ಯ ಕೆಮ್ಮುತ್ತ ನೀರಿನ ಲೋಟ ಎತ್ತಿಕೊಂಡರು. "ಖಾರ ವಿಪರೀತ ಆಯ್ತಲ್ಲಮ್ಮ."

"ಖಾರ ಸರಿಯಾಗಿದೆ. ನಿಮಗೆ ತಡೆಯದಿದ್ದರೆ ಮಜ್ಜಿಗೆ ಇದೆ, ಕೊಡುತ್ತೇನೆ."

ಚೆನ್ನಾಜಮ್ಮನವರ ಕಣ್ಣಲ್ಲೂ ನೀರಾಡುತ್ತಿತ್ತು. "ಅವರು ಹೇಳುವುದು ನಿಜ. ಮೆಣಸಿನಕಾಯಿ ಅರ್ಧ ಹಾಕಬಹುದಿತ್ತು."

"ಹಾಕಬಹುದಿತ್ತು. ಹಾಕುವುದಿಲ್ಲ."

"ಬ್ಲಾಗು?"

"ಅಳಿಸುವುದಿಲ್ಲ. ಒಂಬತ್ತು ವರ್ಷ ಒಲೆಯ ಹೊಗೆ ಕುಡಿದವಳು ನಾನು. ಹೆಸರು ಬದಲಾಯಿಸುತ್ತೇನೆ, ಅಂಕಗಳನ್ನೆಲ್ಲ ಕಿತ್ತು ಹಾಕುತ್ತೇನೆ. ಮೊದಲು ಈ ಸಾರನ್ನೇ ಬರೆಯುತ್ತೇನೆ, ಬೆಳ್ಳುಳ್ಳಿಯ ಒಂದು ಎಸಳೂ ಕಡಿಮೆ ಮಾಡದೆ."

"ಜನ ಆಡಿಕೊಂಡರೆ?"

"ಆಡಿಕೊಳ್ಳಲಿ."

"ನಾನು ಬೇಡ ಅಂದರೆ?"

ಪಂಕ್ತಿಯಲ್ಲಿದ್ದವರು ಕೈ ನಿಲ್ಲಿಸಿ ಇತ್ತ ನೋಡಿದರು. ಪ್ರಫುಲ್ಲಾ ತಲೆ ತಗ್ಗಿಸಲಿಲ್ಲ.

"ನಾನು ಕೇಳುತ್ತಿಲ್ಲ ಅಮ್ಮಾ. ಹೇಳುತ್ತಿದ್ದೇನೆ."

ಚೆನ್ನಾಜಮ್ಮ ಸೆರಗಿನಿಂದ ಕಣ್ಣು ಮೂಗು ಒರೆಸಿಕೊಂಡು, ತಟ್ಟೆಯನ್ನು ಮುಂದಕ್ಕೆ ಚಾಚಿದರು.

"ಹಾಗಾದರೆ ಇನ್ನೊಂದು ಸೌಟು ಹಾಕು."